ಅರ್ಲಿ ಬರ್ಡ್ ಎಂದರೆ ಯಾರು?

ಈ ಜೂನ್‌ನಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆವು. ಗಂಡ-ಹೆಂಡತಿ ಸೇರಿ ಬರೆಯುತ್ತಿರುವ ಲೇಖನ ಇದು. ಆದ್ದರಿಂದ ಉದ್ದಕ್ಕೂ 'ನಾವು' ಎಂದೇ ಬರುತ್ತದೆ, ಯಾರೂ ತಪ್ಪು ತಿಳಿಯಬಾರದು. ಯಾವ ವಾಕ್ಯ ಯಾರದೆಂದು ಹುಡುಕಲು ಹೋದರೆ ನಮಗೂ ಜಗಳ, ನಿಮಗೂ ತಲೆನೋವು.

ಮಗಳು-ಅಳಿಯ ಇರುವುದು ಎಡಿಸನ್‌ನಲ್ಲಿ. ಇಪ್ಪತ್ತೆರಡು ವರ್ಷ ಕೊಲ್ಲಿಯಲ್ಲಿ ಕಳೆದವರಿಗೆ ಯಾವ ದೇಶಕ್ಕೆ ಹೋದರೂ ನಾಲ್ಕೂವರೆಗೆ ಕಣ್ಣು ಬಿಡುತ್ತದೆ. ಮನೆಯವರೆಲ್ಲ ಮಲಗಿರುವಾಗ ನಾವು ಟೀ ಕುಡಿದು ಬೀದಿ ಸುತ್ತುತ್ತಿದ್ದೆವು. ಒಂದು ಶನಿವಾರ ಹೀಗೆ ಸುತ್ತುವಾಗ ವಿದ್ಯುತ್ ಕಂಬಕ್ಕೆ ಅಂಟಿಸಿದ್ದ ರಟ್ಟಿನ ಬೋರ್ಡು ಕಂಡಿತು. ಗ್ಯಾರೇಜ್ ಸೇಲ್, 9ರಿಂದ 2. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ನೋ ಅರ್ಲಿ ಬರ್ಡ್ಸ್'. ಮನೆಯಲ್ಲಿ ಬೇಡವಾದ ಸಾಮಾನುಗಳನ್ನು ಅಂಗಳದಲ್ಲಿ ಹರಡಿ ಅಗ್ಗಕ್ಕೆ ಮಾರುವುದು ಅಲ್ಲಿನ ಬೇಸಿಗೆಯ ರೂಢಿ ಎಂದು ನಮಗೆ ಗೊತ್ತಿತ್ತು. ಮಗಳಿಗೆ ಕೂತು ಹಾಲು ಕುಡಿಸಲು ಒಂದು ತೂಗುವ ಕುರ್ಚಿ ಬೇಕಿತ್ತು. ಕೊನೆಯ ಸಾಲನ್ನು ನಾವು 'ಹಕ್ಕಿ-ಪಕ್ಷಿ ಮಾರುವುದಿಲ್ಲ' ಎಂದು ಓದಿಕೊಂಡು, ನಮಗೇನು ಹಕ್ಕಿ ಬೇಡವಲ್ಲ ಎಂದು ಎಂಟು ಗಂಟೆಗೇ ಆ ಮನೆಯ ಮುಂದೆ ನಿಂತೆವು. ಮನೆಯೊಡತಿ ನೈಟ್ ಗೌನಿನಲ್ಲೇ ಹೊರಬಂದು, ನಗುತ್ತಲೇ, ಬೋರ್ಡು ನೋಡಲಿಲ್ಲವೇ ಎಂದು ಕೇಳಿ ಬಾಗಿಲು ಹಾಕಿಕೊಂಡರು. ಆಮೇಲೆ ತಿಳಿಯಿತು, ಅರ್ಲಿ ಬರ್ಡ್ ಎಂದರೆ ನಾವೇ.

ಅದೇ ವಾರ ಅಳಿಯ ನಮ್ಮನ್ನು ಮ್ಯಾನ್‌ಹಟನ್‌ಗೆ ಕರೆದೊಯ್ದ. ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲಲ್ಲಿ ಇನ್ನೊಂದು ಬೋರ್ಡು, 'ಅರ್ಲಿ ಬರ್ಡ್ ಸ್ಪೆಷಲ್'. ಬೆಳಿಗ್ಗೆ ಇಷ್ಟರೊಳಗೆ ಬಂದು ಸಂಜೆ ಇಷ್ಟರೊಳಗೆ ಹೊರಟರೆ ದರ ಕಡಿಮೆ. ಇಲ್ಲಿ ಅದೇ ಹಕ್ಕಿಗೆ ಕೈಮುಗಿದು ಸ್ವಾಗತ! ನ್ಯೂಜೆರ್ಸಿ ತನ್ನ ಡೈನರ್‌ಗಳಿಗೆ ಹೆಸರುವಾಸಿ. ಅಂಥ ಹೋಟೆಲುಗಳಲ್ಲಿ ಅರ್ಲಿ ಬರ್ಡ್ ಎಂದರೆ ಸೂರ್ಯ ಮುಳುಗುವ ಮೊದಲೇ ರಾತ್ರಿಯೂಟ ಮುಗಿಸುವವರು, ಅಂದರೆ ಹೆಚ್ಚಾಗಿ ನಮ್ಮಂಥ ವಯಸ್ಸಾದವರು. ಸಂಜೆ ಐದಕ್ಕೆ ಏಳುವ ಹಕ್ಕಿ ಯಾವುದು ಎಂದು ನಾವು ಕೇಳಿದರೆ ಅಳಿಯ, "ಮಾವ, ಅದು ಏಳುವ ಹಕ್ಕಿಯಲ್ಲ, ಮಲಗಲು ಹೊರಟ ಹಕ್ಕಿ" ಎಂದ. ತನ್ನ ಬಗ್ಗೆ ಹೇಳುವಾಗ ಮಾತ್ರ "ನಾನು ನೈಟ್ ಔಲ್" ಎಂದು ಹೆಮ್ಮೆಪಡುತ್ತಾನೆ. ಬೆಳಿಗ್ಗೆ ಬೇಗ ಏಳುವವರು ಅರ್ಲಿ ಬರ್ಡ್, ರಾತ್ರಿ ನಿದ್ದೆಗೆಡುವವರು ಔಲ್. ಕನ್ನಡದಲ್ಲಿ ಯಾರಾದರೂ ತನ್ನನ್ನು ತಾನೇ ಗೂಬೆ ಎಂದು ಕರೆದುಕೊಂಡಿದ್ದನ್ನು ನಾವಂತೂ ಕೇಳಿಲ್ಲ. ನೈಟ್ ಶಿಫ್ಟಿನ ಗೆಳೆಯರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದೇ ನುಡಿಗಟ್ಟು, ಒಂದೇ ವಾರದಲ್ಲಿ ಒಬ್ಬರು ಬೈದರು, ಒಬ್ಬರು ಕರೆದರು, ಒಬ್ಬರು ವಯಸ್ಸನ್ನು ನೆನಪಿಸಿದರು. ಆಗಿನಿಂದ ಇದು ನಮ್ಮ ತಲೆಗೆ ಹೊಕ್ಕಿತು.

ಮೂಲ ಗಾದೆ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದೇ: ಬೇಗ ಬಂದ ಹಕ್ಕಿಗೆ ಹುಳ ಸಿಗುತ್ತದೆ. ಇಂಗ್ಲೆಂಡಿನಲ್ಲಿ 17ನೇ ಶತಮಾನದ ಗಾದೆ ಸಂಗ್ರಹಗಳಲ್ಲೇ ಇದು ಇದೆ. ಮಾತೇನೂ ಸುಳ್ಳಲ್ಲ. ಎಡಿಸನ್‌ನ ಮನೆಯ ಮುಂದಿನ ಹುಲ್ಲಿನ ಮೇಲೆ ದಿನಾ ಬೆಳಿಗ್ಗೆ ಎದೆ ಕೆಂಪಗಿರುವ ರಾಬಿನ್ ಹಕ್ಕಿಗಳು ಕುಪ್ಪಳಿಸುತ್ತಿದ್ದವು. ರಾತ್ರಿಯ ತೇವಕ್ಕೆ ಎರೆಹುಳ ಮೇಲೆ ಬಂದಿರುತ್ತದೆ, ಬಿಸಿಲೇರಿದರೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಬಂದ ಹಕ್ಕಿಗೆ ತಿಂಡಿ. ಬೇಗ ಎದ್ದ ಹುಳಕ್ಕೆ ಏನಾಯಿತು ಎಂದು ಇಂಗ್ಲಿಷಿನವರೇ ತಮಾಷೆ ಮಾಡುತ್ತಾರೆ. ಕೊಲ್ಲಿಯಲ್ಲಿ ನಾಲ್ಕು ಗಂಟೆಯ ಬಸ್ಸು ಹತ್ತುವವರಿಗೆ ಆ ತಮಾಷೆಯನ್ನು ವಿವರಿಸಬೇಕಾಗಿಲ್ಲ.

ಈಗ ಗಾದೆಯನ್ನು ಪೂರ್ತಿ ಹೇಳುವವರು ಕಡಿಮೆ. ಅರ್ಲಿ ಬರ್ಡ್ ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಹುಳ ಬಿದ್ದುಹೋಯಿತು, ಅದರ ಜಾಗಕ್ಕೆ ರಿಯಾಯಿತಿ ಬಂತು. ಜೊತೆಗೆ ಇನ್ನೂ ಒಂದು ಬದಲಾಯಿತು, ಅದನ್ನು ನಾವು ಯಾರೂ ಗಮನಿಸಿದಂತಿಲ್ಲ. ಹಳೆಯ ಗಾದೆಯ ಹಕ್ಕಿ ನಿದ್ದೆ ಬಿಟ್ಟು ಎದ್ದು ಬರಬೇಕಿತ್ತು. ಈಗಿನ ಹಕ್ಕಿ ಏಳಬೇಕಾಗಿಲ್ಲ, ಬರಬೇಕಾಗಿಯೂ ಇಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಕಾರ್ಡಿನಲ್ಲಿ ಹಣ ಕಟ್ಟಿದರೆ ಸಾಕು. ಬೇಗ ಎಂಬುದು ದೇಹದ ಕೆಲಸವಾಗಿದ್ದದ್ದು ಜೇಬಿನ ಕೆಲಸವಾಯಿತು.

ನಮ್ಮ ಭಾಷೆಯಲ್ಲಿ ಇದಕ್ಕೇನು ಹೇಳುತ್ತೇವೆ ಎಂದು ಮಗಳ ಮನೆಯಲ್ಲಿ ಕೂತು ಬಹಳ ಯೋಚಿಸಿದೆವು. ಬಾಣಂತಿ ಮಲಗಿದ ಮೇಲೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಕನ್ನಡದ 'ಬೇಗ' ವೇಗದ ತದ್ಭವ. ಆದ್ದರಿಂದ ಬೇಗ ಬಾ ಎಂದರೆ ಹೊತ್ತಿಗೆ ಮುಂಚೆ ಬಾ ಎಂದೂ ಆಯಿತು, ಓಡಿ ಬಾ ಎಂದೂ ಆಯಿತು. ಇಂಗ್ಲಿಷಿನಲ್ಲಿ ಅವೆರಡೂ ಬೇರೆ ಬೇರೆ ಮಾತು. ಊರಿಂದ ಅಮ್ಮ ಫೋನು ಇಡುವಾಗ ಬೇಗ ಬಾ ಮಗಾ ಎನ್ನುತ್ತಾರಲ್ಲ, ಅದನ್ನು ಇಂಗ್ಲಿಷಿಗೆ ತಿರುಗಿಸಲು ಕೂತರೆ ಯಾವ ಪದವೂ ಸಾಲದು.

'ಬ್ರೈಟ್ ಅಂಡ್ ಅರ್ಲಿ' ಎನ್ನುವುದಕ್ಕೆ ಸರಿಸಮನಾಗಿ ಬೆಳ್ಳಂಬೆಳಗ್ಗೆ ಇದೆ. ಆದರೆ ದನಿ ನೋಡಿ. ಇಂಗ್ಲಿಷಿನದು ಉತ್ಸಾಹದ ಮಾತು. ನಮ್ಮದು ಬಹುಪಾಲು ಗೊಣಗಾಟ: ಬೆಳ್ಳಂಬೆಳಗ್ಗೆ ಏನು ನಿಮ್ಮ ಗಲಾಟೆ, ಬೆಳ್ಳಂಬೆಳಗ್ಗೆ ಸಾಲ ಕೇಳಲು ಬಂದ. ಗ್ಯಾರೇಜ್ ಸೇಲಿನ ಆ ಮಹಾತಾಯಿಗೆ ಕನ್ನಡ ಬಂದಿದ್ದರೆ ಇದೇ ಪದವನ್ನು ಬಳಸುತ್ತಿದ್ದರು.

ನಮ್ಮ ಗಾದೆಗಳೂ ಬೇಗ ಬಂದವರನ್ನು ಅಷ್ಟಾಗಿ ಹೊಗಳುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಆ ದಿನಗಳಲ್ಲಿ ನಾವು ಮೈಮೇಲೆ ಎಳೆದುಕೊಂಡೇ ಓಡಾಡುತ್ತಿದ್ದೆವು. ಅಗ್ಗದ ಟಿಕೆಟ್ಟಿನ ಆಸೆಗೆ ಫೆಬ್ರವರಿಯಲ್ಲೇ ಬುಕ್ ಮಾಡಿ, ಪೆಟ್ಟಿಗೆಯಲ್ಲಿ ನಾಲ್ಕು ಕುಲಾವಿ ಇಟ್ಟುಕೊಂಡು ಹೋದರೆ, ಕೂಸು ಡಾಕ್ಟರು ಕೊಟ್ಟ ದಿನ ದಾಟಿ ಒಂಬತ್ತು ದಿನಕ್ಕೆ ಬಂತು. ತಡವಾದವರನ್ನೂ ಗಾದೆ ಬಿಟ್ಟಿಲ್ಲ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ಇದ್ದೇ ಇದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದು ಕೋಳಿ ಎತ್ತಿಕೊಂಡು ಹೋದ ಅಜ್ಜಿಯಂತೂ ನಮಗೆಲ್ಲ ಬಾಲ್ಯದಿಂದ ಪರಿಚಯ. ಮೊದಲು ಎದ್ದೆ ಎಂಬ ಜಂಬಕ್ಕೆ ಅಷ್ಟೇ ಬೆಲೆ.

ನಮ್ಮ ರೈತ ಹೊಗಳುವುದು ಬೇಗವನ್ನಲ್ಲ, ಹದವನ್ನು. ಮಳೆ ಬಿದ್ದ ಮಣ್ಣು ಕಾಲಿಗೆ ಮೆತ್ತಿಕೊಳ್ಳದೆ, ಗಟ್ಟಿಯೂ ಆಗದೆ ನೇಗಿಲಿಗೆ ಒದಗುವ ಹೊತ್ತು ಹದ. ಒಂದು ದಿನ ಮುಂಚೆ ಹೋದರೆ ಕೆಸರು, ಎರಡು ದಿನ ಬಿಟ್ಟು ಹೋದರೆ ಹೆಂಟೆ. ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿಗಳು ಸಾಲಾಗಿ ಬರುತ್ತವೆ, ಈಗ ಟ್ರ್ಯಾಕ್ಟರಿನ ಹಿಂದೆ ಬರುತ್ತವೆ. ಮಣ್ಣು ಮಗುಚಿದಾಗ ಹುಳ ಸಿಗುತ್ತದೆ. ರೈತನಿಗಿಂತ ಮುಂಚೆ ಗದ್ದೆಗೆ ಬಂದ ಬೆಳ್ಳಕ್ಕಿ ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತಿರಬೇಕು, ಅಷ್ಟೆ.

ನ್ಯೂಜೆರ್ಸಿಯಲ್ಲೇ ಇದಕ್ಕೊಂದು ಸಾಕ್ಷಿ ಸಿಕ್ಕಿತು. ಎಡಿಸನ್‌ನಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಹೋಮ್‌ಡೆಲ್ ಎಂಬ ಊರು. ಅಲ್ಲಿ ಬೆಲ್ ಲ್ಯಾಬ್ಸ್‌ನ ಹಳೆಯ ದೊಡ್ಡ ಗಾಜಿನ ಕಟ್ಟಡ ಈಗ ಅಂಗಡಿ, ಆಫೀಸು, ಕಾಫಿ ಬಾರುಗಳ ಜಾಗವಾಗಿದೆ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಿರುಗಲು ಒಳ್ಳೆಯ ನೆರಳು. ಇದೇ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ತಯಾರಿಸಿದ ಟೆಲ್‌ಸ್ಟಾರ್ ಉಪಗ್ರಹ 1962ರ ಜುಲೈ 10ರಂದು ಮೇಲಕ್ಕೆ ಹೋಗಿ ಅಟ್ಲಾಂಟಿಕ್ ಸಾಗರದಾಚೆಗೆ ನೇರ ಟಿವಿ ಚಿತ್ರ ದಾಟಿಸಿತು. ಅದು ಹಾರಿದ ಹಿಂದಿನ ದಿನವಷ್ಟೇ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, ಬಾನಿನ ಎತ್ತರದಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ನಡೆಸಿತ್ತು. ಆ ವಿಕಿರಣದ ಹೊಡೆತ ತಿಂದ ಟೆಲ್‌ಸ್ಟಾರ್ 1963ರ ಫೆಬ್ರವರಿಯಲ್ಲಿ ಪೂರ್ತಿ ಮೌನವಾಯಿತು. ಮೂರು ವರ್ಷ ತಡವಾಗಿ, 1965ರ ಏಪ್ರಿಲ್ 6ರಂದು ಇನ್ನೊಂದು ಉಪಗ್ರಹ ಹಾರಿತು. ಬಾನಿನಲ್ಲಿ ಒಂದೇ ಕಡೆ ನಿಂತಂತೆ ಕಾಣುವ, ವ್ಯಾಪಾರಕ್ಕೆ ಬಳಕೆಯಾದ ಮೊದಲ ಸಂಪರ್ಕ ಉಪಗ್ರಹ ಅದು, ಏಕಕಾಲಕ್ಕೆ 240 ಫೋನ್ ಕರೆ ಸಾಗಿಸುತ್ತಿತ್ತು. ಅದರ ಅಡ್ಡಹೆಸರು ಏನು ಗೊತ್ತೇ? ಅರ್ಲಿ ಬರ್ಡ್! ಬೇಗ ಹಾರಿದ್ದು ಒಂದು, ಬೇಗ ಹಾರಿದ ಹೆಸರು ಪಡೆದದ್ದು ಇನ್ನೊಂದು.

ಬೇಗಕ್ಕೆ ಬೆಲೆ ಕಟ್ಟುವುದರಲ್ಲಿ ನ್ಯೂಯಾರ್ಕ್ ಈಗ ಇನ್ನೂ ಮುಂದೆ ಹೋಗಿದೆ. 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ 60ನೇ ಬೀದಿಯಿಂದ ಕೆಳಗಿನ ಭಾಗಕ್ಕೆ ಕಾರು ನುಗ್ಗಿದರೆ ಸುಂಕ. ವಾರದ ದಿನಗಳಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಇ-ಝಡ್‌ಪಾಸ್ ಇದ್ದ ಕಾರಿಗೆ 9 ಡಾಲರ್, ಉಳಿದ ಹೊತ್ತಿನಲ್ಲಿ 2 ಡಾಲರ್ 25 ಸೆಂಟ್. ಐದಕ್ಕೆ ಒಂದು ನಿಮಿಷ ಮುಂಚೆ ದಾಟಿದವರಿಗೆ ಹತ್ತಿರಹತ್ತಿರ ಏಳು ಡಾಲರ್ ಉಳಿತಾಯ. ಇದಕ್ಕೆ ಅರ್ಲಿ ಬರ್ಡ್ ಎಂಬ ಹೆಸರಿಲ್ಲ, ಲೆಕ್ಕ ಮಾತ್ರ ಹಳೆಯ ಗಾದೆಯದೇ. ನಮಗೇನೋ ಈ ಲೆಕ್ಕ ಸರಿ ಎನಿಸಿತು. ಇಲ್ಲಿ ಕಡಿಮೆ ಹಣ ಕೊಡಬೇಕಾದರೆ ನಿಜವಾಗಿಯೂ ನಸುಕಿಗೆ ಎದ್ದು ಹೊರಡಬೇಕು. ಕತ್ತಲಲ್ಲೇ ಡ್ಯೂಟಿಗೆ ಹೋಗುವ ಕಸಗುಡಿಸುವವರು, ಆಸ್ಪತ್ರೆಯ ನರ್ಸುಗಳು ಸ್ವಂತ ಕಾರಿದ್ದರೆ ತಾನಾಗಿಯೇ ಈ ಸಾಲಿಗೆ ಸೇರುತ್ತಾರೆ. ಮಲಗಿಕೊಂಡು ಕಾರ್ಡು ಉಜ್ಜುವವರು ಸೇರುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ನ್ಯೂಯಾರ್ಕ್ ಅಲ್ಲ, ನಮ್ಮದೇ ಸಂಘದ ಟಿಕೆಟ್ ಕೌಂಟರ್.

ಅಮೆರಿಕದಲ್ಲಿ ದೊಡ್ಡ ಸಮ್ಮೇಳನಗಳಿಗೆ ನೋಂದಣಿ ಮೂರು ನಾಲ್ಕು ಹಂತದ ದರದಲ್ಲಿ ನಡೆಯುವುದು ಸಾಮಾನ್ಯ. ಅದಕ್ಕೆ ಕಾರಣವೂ ಇದೆ. ಅಕ್ಕ ಸಮ್ಮೇಳನ 2010ರಲ್ಲಿ ಎಡಿಸನ್‌ನಲ್ಲೇ ನಡೆಯಿತು, 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ. ಅಷ್ಟು ಜನರಿಗೆ ಸಭಾಂಗಣ, ಊಟ, ಊರಿಂದ ಬರುವ ಕಲಾವಿದರ ಟಿಕೆಟ್ ಎಲ್ಲಕ್ಕೂ ತಿಂಗಳುಗಟ್ಟಲೆ ಮೊದಲೇ ಮುಂಗಡ ಕಟ್ಟಬೇಕು. ಬೇಗ ಹಣ ಕೊಟ್ಟವರು ಸಂಘಟಕರ ತಲೆಭಾರ ಇಳಿಸುತ್ತಾರೆ, ಅವರಿಗೆ ಸ್ವಲ್ಪ ಬಿಟ್ಟುಕೊಡುವುದು ನ್ಯಾಯವೇ. ಅಲ್ಲಿ ಬರುವವರ ಪೈಕಿ ಬಹಳ ಮಂದಿಗೆ ತಮ್ಮ ರಜೆಯ ದಿನ ಮೊದಲೇ ಗೊತ್ತಿರುತ್ತದೆ, ಕ್ರೆಡಿಟ್ ಕಾರ್ಡೂ ಇರುತ್ತದೆ.

ನಾವು ಕಮಿಟಿಯವರು ಕಳೆದ ವರ್ಷ ಆ ಪದ್ಧತಿಯನ್ನು ಹಾಗೆಯೇ ತಂದು ರಾಜ್ಯೋತ್ಸವದ ಟಿಕೆಟ್ಟಿಗೆ ಅಂಟಿಸಿದೆವು. ಅರ್ಲಿ ಬರ್ಡ್ 40 ದಿರಂ, ಆಮೇಲೆ 60. ಕೊನೆಯ ದಿನ ಅಕ್ಟೋಬರ್ 31. ತಿಂಗಳ ಕೊನೆ ನೆನಪಿಡಲು ಸುಲಭ ಎಂದು ಆ ತಾರೀಕು ಇಟ್ಟದ್ದು, ಬೇರೆ ಯಾವ ಯೋಚನೆಯೂ ಇರಲಿಲ್ಲ. ಕ್ಯಾಂಪಿನಲ್ಲಿರುವವರಿಗೆ ಸಂಬಳ ಕೈಗೆ ಬರುವುದು ಮುಂದಿನ ತಿಂಗಳ ಮೊದಲ ವಾರ ಕಳೆದ ಮೇಲೆ, ತಿಂಗಳ ಕೊನೆಯಲ್ಲಿ ಅವರ ಹತ್ತಿರ ಉಳಿದಿರುವುದು ಊರಿಗೆ ಕಳಿಸಿ ಮಿಕ್ಕ ಚಿಲ್ಲರೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಾವೂ ಹಾಗೇ ಇದ್ದವರು.

ಕಾರ್ಯಕ್ರಮದ ಭಾನುವಾರ ಬಾಗಿಲು ತೆರೆಯುವುದು ನಾಲ್ಕಕ್ಕೆ. ಒಂದು ಗಂಟೆಗೇ ಮೂರು ಜನ ಬಂದರು. ಹಾವೇರಿ ಕಡೆಯವರು, ಕಟ್ಟಡದ ಕೆಲಸದವರು. ಕ್ಯಾಂಪಿನಿಂದ ಈ ಕಡೆ ಬರುವ ಬಸ್ಸು ಆಗಲೇ ಇದ್ದದ್ದು. ಸುಮ್ಮನೆ ಕೂರಲಿಲ್ಲ. ಕಾರ್ಪೆಟ್ ಹಾಸಿದರು, ನಾನೂರು ಕುರ್ಚಿ ಸಾಲು ಮಾಡಿದರು, ಭುವನೇಶ್ವರಿಯ ಫೋಟೋ ಹೊತ್ತು ತಂದು ವೇದಿಕೆಯಲ್ಲಿ ನಿಲ್ಲಿಸಿದರು. ನಾಲ್ಕಕ್ಕೆ ಕೌಂಟರ್ ತೆರೆದಾಗ ಸಾಲಿನಲ್ಲಿ ಅವರೇ ಮೊದಲು. ಎಣಿಸಿ ಇಟ್ಟುಕೊಂಡಿದ್ದ 120 ದಿರಂ ಮುಂದೆ ಮಾಡಿದರು, ಮೂರು ಟಿಕೆಟ್ಟಿಗೆ. ಕೌಂಟರಿನಲ್ಲಿ ಕೂತಿದ್ದವರು ನಾವಿಬ್ಬರೇ. ಅರ್ಲಿ ಬರ್ಡ್ ಮುಗಿಯಿತು, ಈಗ 60 ಎಂದೆವು. ಹಿಂದೆ ಸಾಲು ಬೆಳೆಯುತ್ತಿತ್ತು. ಅವರಲ್ಲಿ ಹಿರಿಯವನು ಫ್ಲೆಕ್ಸಿನ ಮೇಲಿನ ಆ ಪದವನ್ನು ತೋರಿಸಿ, "ಅಂದ್ರ ಲಗೂ ಬಂದೋರಿಗೆ ಅಂತ ಅಲ್ಲೇನ್ರಿ ಸರ?" ಎಂದು ಕೇಳಿದ. ನಾವು ಬೋರ್ಡಿನ ತಾರೀಕು ತೋರಿಸಿದೆವು. ಥೇಟ್ ಆ ಗ್ಯಾರೇಜ್ ಸೇಲಿನ ಮನೆಯೊಡತಿಯ ಹಾಗೆ. ಅವರಾದರೂ ನಕ್ಕಿದ್ದರು.

ಅವನು ಎರಡು ಟಿಕೆಟ್ ತೆಗೆದುಕೊಂಡು ಹುಡುಗರಿಬ್ಬರನ್ನು ಒಳಗೆ ಕಳಿಸಿದ. "ಇರ್ಲಿ ಬಿಡ್ರಿ ಅಕ್ಕಾರ, ನಾ ಇಲ್ಲೇ ಹೊರಗ ಗಾಳಿಗೆ ಕುಂದರ್ತೀನಿ" ಎಂದ. ರಾತ್ರಿ ಊಟಕ್ಕೆ ಹೋಳಿಗೆ ಬಡಿಸುವಾಗ ನೆನಪಾಗಿ ಹುಡುಕಿದರೆ, ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಒಳಗಿನ ಹಾಡನ್ನು ಕೇಳುತ್ತಿದ್ದ. ಒಳಗೆ ಕರೆದೆವು. ಆಗಲೇ ಊಟ ಆಗಿದೆ ಎಂದ, ಎಲ್ಲಿ ಆಗಿತ್ತೋ. 20 ದಿರಂ ಮೂರು ಸಲ ಸೇರಿಸಿದರೆ 60. ನಮ್ಮ ಕೈಚೀಲದಲ್ಲಿ ಅದಕ್ಕಿಂತ ಹೆಚ್ಚು ಇತ್ತು, ಆ ಹೊತ್ತಿಗೆ ತೆಗೆಯಬೇಕೆಂದು ಹೊಳೆಯಲಿಲ್ಲ.

ಯಾವ ಭಾಷೆಯಲ್ಲಿ ನೋಡಿದರೂ ಆ ದಿನ ಮೊದಲು ಬಂದ ಹಕ್ಕಿ ಅವನೇ. ತಡವಾಗಿ ಬಂದವರ ದರ ಹಾಕಿದ್ದೂ ಅವನಿಗೇ. ಎಂಟು ಗಂಟೆಗೆ, ಅತಿಥಿಗಳ ಭಾಷಣ ಮುಗಿದ ಮೇಲೆ, ಕಾರಿನಲ್ಲಿ ಬಂದಿಳಿದವರ ಫೋನಿನಲ್ಲಿ ಅರ್ಲಿ ಬರ್ಡ್ ಟಿಕೆಟ್ ಇತ್ತು. ಅವರದ್ದೇನೂ ತಪ್ಪಿಲ್ಲ. ತಪ್ಪು ತಾರೀಕು ಇಟ್ಟ ನಮ್ಮದು, ಅರ್ಥ ನೋಡದೆ ಪದ ತಂದ ನಮ್ಮದು.

ಹಾಗಾಗಿ ನಮ್ಮ ವಾದ ಇಷ್ಟು. ಅರ್ಲಿ ಬರ್ಡ್ ಎಂಬ ಮಾತು ಇಂಗ್ಲಿಷಿನಲ್ಲಿ ಏನಾದರೂ ಆಗಿರಲಿ, ಕನ್ನಡ ಸಂಘದ ಕರಪತ್ರದಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲವರು ಅದನ್ನು 'ಮುಂಜಾನೆ ಹಕ್ಕಿ' ಎಂದು ಕನ್ನಡಿಸಿ ಹಾಕುತ್ತಾರೆ, ಅದು ಇನ್ನೂ ಕೆಡುಕು. ನಿಜವಾದ ಮುಂಜಾನೆ ಹಕ್ಕಿಗಳಿಗೆ ಮಾಡುವ ಅಣಕ ಅದು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಅದನ್ನು ಯಾರೂ ಹಕ್ಕಿಗೆ ಹೋಲಿಸಲಿಲ್ಲ. ಮುಂಗಡ ಕಟ್ಟಿದವರಿಗೆ ರಿಯಾಯಿತಿ ಎಂದು ನೇರವಾಗಿ ಬರೆದರೆ ಕನಿಷ್ಠ ಅದು ಹಣದ ಮಾತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಆಗ ಮುಂದಿನ ಪ್ರಶ್ನೆಯನ್ನೂ ಕೇಳಬಹುದು: ಯಾರಿಗೆ ಮುಂಗಡ ಕಟ್ಟಲು ಆಗುತ್ತದೆ? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಆ ತಿಂಗಳುಗಳಲ್ಲಿ ಸೈಟಿನವರ ದಿನ ಇನ್ನೂ ಕತ್ತಲಿರುವಾಗಲೇ ಶುರು. ಅವರಿಗೆ ಬೇಗ ಬನ್ನಿ ಎಂದು ನಾವು ಹೇಳಿಕೊಡಬೇಕೇ?

ಈ ಲೇಖನ ಬರೆಯುವ ಹೊತ್ತಿಗೆ ಈ ವರ್ಷದ ಟಿಕೆಟ್ ಫಾರ್ಮಿನ ಕರಡು ನಮ್ಮ ಮುಂದಿದೆ. ಆ ಸಾಲನ್ನು ಹೊಡೆದುಹಾಕಿ, ಎಲ್ಲರಿಗೂ 45 ಎಂದು ಬರೆದಿದ್ದೇವೆ. ಹಾಗಾದರೆ ಹಾಲ್‌ಗೆ ಅಡ್ವಾನ್ಸ್ ಎಲ್ಲಿಂದ ತರುತ್ತೀರಿ ಎಂದು ಖಜಾಂಚಿಗಳು ಕೇಳಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ತಿಂಗಳ ಸಂಬಳ ತಪ್ಪದ ಮನೆಗಳವರು ರಿಯಾಯಿತಿ ಕೇಳದೆ ಪೂರ್ತಿ ಹಣವನ್ನು ಆಗಸ್ಟ್‌ನಲ್ಲೇ ಕೊಟ್ಟರೆ ಅಡ್ವಾನ್ಸ್ ಆಗುತ್ತದೆ ಎಂದು ನಾವು ಲೆಕ್ಕ ಹಾಕಿ ತೋರಿಸಿದೆವು. ಹದಿನಾಲ್ಕು ಮನೆಯವರು ಕೊಟ್ಟಿದ್ದಾರೆ, ಇನ್ನೂ ಆರು ಬೇಕಾಗಿದೆ. ಆ ಹಾವೇರಿಯವರ ಫೋನ್ ನಂಬರ್ ಯಾರ ಬಳಿಯೂ ಇಲ್ಲ. ಕ್ಯಾಂಪಿನ ಹೆಸರು ಮಾತ್ರ ನೆನಪಿದೆ. ಬರುವ ಭಾನುವಾರ ಆ ಕಡೆ ಹೋಗಿ ಕೇಳಿ ಬರಬೇಕೆಂದಿದ್ದೇವೆ, ಅವರು ಬಟ್ಟೆ ಒಗೆದು ಮಲಗುವ ಮೊದಲು, ಬೆಳ್ಳಂಬೆಳಗ್ಗೆ.